ಐರನ್ ಮಾತ್ರೆ ಬಿಡಬೇಡಿ, ನುಂಗುವ ಕ್ರಮ ಬದಲಿಸಿ

ರಕ್ತ ಕಡಿಮೆ ಇದೆ ಅಂತ ಡಾಕ್ಟರು ಐರನ್ ಮಾತ್ರೆ ಬರೆದುಕೊಡುತ್ತಾರೆ. ನಾಲ್ಕು ದಿನ ನುಂಗುತ್ತೀರಿ. ಬಾಯಲ್ಲಿ ತುಕ್ಕಿನ ರುಚಿ, ಹೊಟ್ಟೆ ತೊಳಸುವುದು, ಕೆಲವರಿಗೆ ಹೊಟ್ಟೆ ಕಟ್ಟುವುದು, ಇನ್ನು ಕೆಲವರಿಗೆ ಅದರ ಉಲ್ಟಾ. ಐದನೇ ದಿನ ಸ್ಟ್ರಿಪ್ ಫ್ರಿಜ್ ಮೇಲೆ ಹೋಗಿ ಕೂರುತ್ತದೆ. ಕುಮಟಾದ ಮೆಡಿಕಲ್ ಶಾಪ್ ಒಂದರ ಕೌಂಟರಿನಲ್ಲಿ ನಿಂತು ವರ್ಷಗಟ್ಟಲೆ ಇದನ್ನೇ ನೋಡುತ್ತಿದ್ದೇನೆ. ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಐರನ್ ಮಾತ್ರೆಯಿಂದ ಹೊಟ್ಟೆಯೊಳಗಿನ ಒಳ್ಳೆ ಬ್ಯಾಕ್ಟೀರಿಯಾ ಹಾಳಾಗ್ತದಂತೆ, ಹೌದಾ?"

ಆ ಮಾತಲ್ಲಿ ಸ್ವಲ್ಪ ನಿಜ ಇದೆ. ಆದರೆ ಅದಕ್ಕಾಗಿ ಮಾತ್ರೆ ಬಿಟ್ಟರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ನಮ್ಮ ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಸದಾ ಸುಸ್ತು, ಹೆರಿಗೆಯಲ್ಲಿ ಅಪಾಯ, ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ಹಾಗಾಗಿ ಮಾತ್ರೆಯೂ ನಡೆಯಬೇಕು, ಹೊಟ್ಟೆಯೂ ಉಳಿಯಬೇಕು. ಅದಕ್ಕೆ ದಾರಿ ಇದೆ.

ಮೊದಲು, ಹೊಟ್ಟೆಯೊಳಗೆ ಏನಾಗುತ್ತದೆ

ಇದನ್ನು ದಾಟಿ ಮುಂದೆ ಹೋಗಬೇಡಿ. ಇದು ಅರ್ಥವಾದರೆ ಉಳಿದದ್ದು ಸಲೀಸು.

ನುಂಗಿದ ಮಾತ್ರೆಯ ಕಬ್ಬಿಣವೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಒಂದು ಪಾಲು ಮಾತ್ರ ಹೀರಿಕೊಳ್ಳುತ್ತದೆ. ಕಬ್ಬಿಣದ ಕೊರತೆ ಇರುವ ಹೆಂಗಸರಲ್ಲೂ ಐದರಲ್ಲಿ ಒಂದು ಪಾಲು ಹೀರಿಕೊಂಡರೆ ಅದೇ ಒಳ್ಳೆಯ ಲೆಕ್ಕ. ಊಟದ ಜೊತೆ, ಚಹಾದ ಜೊತೆ ನುಂಗಿದರೆ ಇನ್ನೂ ಕಡಿಮೆ. ಉಳಿದದ್ದು ಕೆಳಗಿಳಿದು ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಕಾಯುತ್ತಿರುತ್ತವೆ.

ಅವುಗಳಲ್ಲಿ ಎಲ್ಲವಕ್ಕೂ ಕಬ್ಬಿಣ ಒಂದೇ ಥರ ಬೇಕಾಗಿಲ್ಲ. ಇ. ಕೋಲಿ, ಸಾಲ್ಮೊನೆಲ್ಲಾದಂಥವು ಕಬ್ಬಿಣಕ್ಕೆ ಹಾತೊರೆಯುತ್ತವೆ, ಅದನ್ನು ಹಿಡಿದು ಎಳೆದುಕೊಳ್ಳಲೆಂದೇ ವಿಶೇಷ ರಾಸಾಯನಿಕ ತಯಾರಿಸಿ ಹೊರಗೆ ಬಿಡುತ್ತವೆ. ಮೊಸರಿನಲ್ಲಿ ಇರುವಂಥ ಲ್ಯಾಕ್ಟೋಬ್ಯಾಸಿಲಸ್ ಹಾಗಲ್ಲ, ಅದಕ್ಕೆ ಕಬ್ಬಿಣ ಹೆಚ್ಚುಕಡಿಮೆ ಬೇಡವೇ ಬೇಡ, ಮ್ಯಾಂಗನೀಸ್ ಇಟ್ಟುಕೊಂಡೇ ಬದುಕುತ್ತದೆ. ಗದ್ದೆಗೆ ಗೊಬ್ಬರ ಜಾಸ್ತಿ ಚೆಲ್ಲಿದರೆ ಕಳೆಯೇ ಮೊದಲು ಎದ್ದು ನಿಲ್ಲುತ್ತದಲ್ವಾ, ಇಲ್ಲೂ ಹಾಗೇ. ಐರನ್ ಮಾತ್ರೆ ಒಳ್ಳೆಯ ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲುವುದಿಲ್ಲ. ಹೀರದೆ ಉಳಿದ ಕಬ್ಬಿಣ ಕೆಟ್ಟವಕ್ಕೆ ಮೇವಾಗುತ್ತದೆ, ಒಳ್ಳೆಯವಕ್ಕೆ ಜಾಗ ಕಡಿಮೆಯಾಗುತ್ತದೆ.

ನಮ್ಮ ದೇಹಕ್ಕೆ ಈ ವಿಷಯ ಮೊದಲಿಂದ ಗೊತ್ತು. ತಾಯಿಯ ಎದೆಹಾಲಲ್ಲಿ ಲ್ಯಾಕ್ಟೋಫೆರಿನ್ ಅನ್ನುವ ಪ್ರೋಟೀನ್ ಇದೆ. ಅದು ಕಬ್ಬಿಣವನ್ನು ಕಟ್ಟಿಹಾಕಿ ಇಟ್ಟುಕೊಳ್ಳುತ್ತದೆ, ಕೆಟ್ಟ ಬ್ಯಾಕ್ಟೀರಿಯಾಗಳ ಕೈಗೆ ಸಿಗದ ಹಾಗೆ.

ಇದಕ್ಕೆ ಪರೀಕ್ಷೆ ಮಾಡಿ ನೋಡಿದ ಆಧಾರವೂ ಇದೆ, ಆದರೆ ಹೆಚ್ಚಿನದು ಮಕ್ಕಳ ಮೇಲೆ ನಡೆದದ್ದು. ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಶಾಲೆ ಮಕ್ಕಳಿಗೆ ಕಬ್ಬಿಣ ಸೇರಿಸಿದ ಬಿಸ್ಕೆಟ್ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಬಂತು. ಆ ಮಕ್ಕಳ ಕರುಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಇಳಿದಿತ್ತು, ಇ. ಕೋಲಿ ಜಾತಿಯವು ಏರಿದ್ದವು, ಕರುಳಿನ ಉರಿಯೂತದ ಗುರುತೂ ಹೆಚ್ಚಿತ್ತು. 2015ರಲ್ಲಿ ಕೀನ್ಯಾದ ಕೂಸುಗಳಲ್ಲೂ ಅಂಥದ್ದೇ ಕಂಡಿತು. ಆದರೆ 2014ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನದಲ್ಲಿ ಐರನ್ ಮಾತ್ರೆ ನುಂಗಿದ ಮಕ್ಕಳಲ್ಲಿ ಇಂಥ ಏರುಪೇರು ಕಾಣಲಿಲ್ಲ. ಅಂದರೆ ಕರುಳಲ್ಲಿ ಮೊದಲೇ ಯಾವ ಬ್ಯಾಕ್ಟೀರಿಯಾ ಇದೆ, ಕುಡಿಯುವ ನೀರು ಹೇಗಿದೆ ಅನ್ನುವುದರ ಮೇಲೂ ಪರಿಣಾಮ ನಿಂತಿದೆ. ದೊಡ್ಡ ಹೆಂಗಸರ ಕರುಳು ಕೂಸಿನ ಕರುಳಿನಷ್ಟು ನಾಜೂಕಲ್ಲ, ಕೂಸಿಗೆ ಆದದ್ದೆಲ್ಲ ನಮಗೂ ಆಗುತ್ತದೆ ಅಂತ ಹೆದರಬೇಕಿಲ್ಲ.

ಇಷ್ಟರಿಂದ ಹೊರಡುವ ಕೆಲಸ ಒಂದೇ. ಮೇಲೆ ಹೀರುವುದು ಜಾಸ್ತಿ ಆಗಬೇಕು, ಕೆಳಗೆ ಉಳಿಯುವುದು ಕಡಿಮೆ ಆಗಬೇಕು. ಮುಂದೆ ಹೇಳುವುದೆಲ್ಲ ಇದನ್ನೇ.

ಹೆಜ್ಜೆ 1: ಪರೀಕ್ಷೆ ಮಾಡಿಸದೆ ಶುರು ಮಾಡಬೇಡಿ

ಸುಸ್ತು ಅಂದ ಕೂಡಲೇ ಪಕ್ಕದ ಮನೆಯವರ ಐರನ್ ಸ್ಟ್ರಿಪ್ ಇಸಿದುಕೊಂಡು ನುಂಗುವವರಿದ್ದಾರೆ. ಹಾಗೆ ಮಾಡಬೇಡಿ. ಗರ್ಭಿಣಿ ಅಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ, ಗರ್ಭಿಣಿಯರಲ್ಲಿ 11ಕ್ಕಿಂತ ಕೆಳಗೆ ಇದ್ದರೆ ರಕ್ತಹೀನತೆ. ಸಾಧ್ಯವಾದರೆ ಫೆರಿಟಿನ್ ಕೂಡ ನೋಡಿಸಿ, ಅದು ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಆರೋಗ್ಯವಂತರಲ್ಲಿ ಅದು 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಖಾಲಿ ಅಂತಲೇ ಅರ್ಥ. ಮೈಯಲ್ಲಿ ಸೋಂಕು ಅಥವಾ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರಿ ತೋರಿಸುತ್ತದೆ, ಜ್ವರ ಬಂದು ಹೋದ ವಾರವೇ ಮಾಡಿಸಿದರೆ ಮೋಸ ಹೋಗುತ್ತೀರಿ.

ಕೊರತೆಯೇ ಇಲ್ಲದವರು ಮಾತ್ರೆ ನುಂಗಿದರೆ ದೇಹ ಅದನ್ನು ಹೀರಲು ಒಪ್ಪುವುದಿಲ್ಲ. ಬಹುಪಾಲು ನೇರ ಬ್ಯಾಕ್ಟೀರಿಯಾಗಳ ಪಾಲಿಗೆ. ಥಲಸ್ಸೀಮಿಯಾ ಅನ್ನುವ, ಹುಟ್ಟಿನಿಂದ ಬರುವ ರಕ್ತದ ತೊಂದರೆಯ ಗುಣ ಇರುವವರಲ್ಲೂ ಹಿಮೋಗ್ಲೋಬಿನ್ ಕಡಿಮೆ ತೋರಿಸುತ್ತದೆ, ಆದರೆ ಕೊರತೆ ಇಲ್ಲದಿದ್ದರೆ ಅವರಿಗೆ ಐರನ್ ಮಾತ್ರೆಯಿಂದ ಲಾಭವಿಲ್ಲ.

ರಕ್ತ ಯಾಕೆ ಕಡಿಮೆಯಾಯಿತು ಅನ್ನುವುದನ್ನೂ ಕೇಳಿಕೊಳ್ಳಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದಾ? ಗರ್ಭಕೋಶದಲ್ಲಿ ಗಡ್ಡೆ ಇದೆಯಾ? ಮೂಲವ್ಯಾಧಿ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರು ಕೊಕ್ಕೆಹುಳದ ವಿಷಯ ಮರೆಯಬಾರದು. ಹಸಿ ಮಣ್ಣಿನಿಂದ ಪಾದದ ಚರ್ಮ ತೂರಿ ಒಳಗೆ ಬರುತ್ತದೆ, ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಅದು ಒಳಗಿದ್ದರೆ ಎಷ್ಟು ಮಾತ್ರೆ ನುಂಗಿದರೂ ತುಂಬುವುದಿಲ್ಲ. ಡಾಕ್ಟರನ್ನು ಕೇಳಿ ಅಲ್ಬೆಂಡಜೋಲ್ ತೆಗೆದುಕೊಳ್ಳಿ, ತೋಟಕ್ಕೆ ಚಪ್ಪಲಿಯೋ ಬೂಟೋ ಹಾಕಿಕೊಂಡು ಹೋಗಿ. ಗರ್ಭಿಣಿಯಾದರೆ ಹುಳದ ಮಾತ್ರೆಯನ್ನು ಡಾಕ್ಟರು ಹೇಳದೆ ಮುಟ್ಟಬೇಡಿ.

ಹೆಜ್ಜೆ 2: ಸ್ಟ್ರಿಪ್ಪಿನ ಹಿಂದೆ ಓದಿ

ಮುಂದೆ ದೊಡ್ಡದಾಗಿ ಬರೆದ ಹೆಸರು ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ 'ಎಲಿಮೆಂಟಲ್ ಐರನ್' ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಮಾತ್ರೆಯಲ್ಲಿ ನಿಜಕ್ಕೂ ಇರುವ ಕಬ್ಬಿಣ ಅದು, ಲೆಕ್ಕಕ್ಕೆ ಬರುವುದೂ ಅದೇ. ಫೆರಸ್ ಫ್ಯುಮರೇಟ್ ಅನ್ನುವ ಕಬ್ಬಿಣದ ಲವಣದಲ್ಲಿ ಮೂರನೇ ಒಂದು ಪಾಲು ಮಾತ್ರ ಕಬ್ಬಿಣ, ಗ್ಲುಕೊನೇಟ್‌ನಲ್ಲಿ ಶೇ 12ರ ಆಸುಪಾಸು. ಹಾಗಾಗಿ 300 ಮಿಲಿಗ್ರಾಂ ಅಂತ ನೋಡಿ ಹೆದರಬೇಡಿ, ಇನ್ನೊಂದು ಮಾತ್ರೆ 100 ಅಂತ ಇದ್ದರೆ ಅದು ಹಗುರ ಅಂತಲೂ ತಿಳಿಯಬೇಡಿ.

ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಶಾಲೆ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ. "ಸರ್ಕಾರದ ಮಾತ್ರೆ ಎಂತ ಕೆಲಸ ಮಾಡ್ತದೆ" ಅಂತ ಅದನ್ನು ಬದಿಗಿಟ್ಟು ದುಬಾರಿ ಮಾತ್ರೆ ಕೇಳಲು ಬರುವವರಿಗೆ ನಾನು ಸ್ಟ್ರಿಪ್ ತಿರುಗಿಸಿ ತೋರಿಸುತ್ತೇನೆ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದುಕೊಡುವ ಮಾತ್ರೆಯಲ್ಲಿರುವುದೂ ಅದೇ ಕಬ್ಬಿಣ.

ಹೆಜ್ಜೆ 3: ದಿನ ಬಿಟ್ಟು ದಿನ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ

ಹೊಟ್ಟೆ ತಡೆಯುತ್ತಿಲ್ಲ ಅನ್ನುವವರಿಗೆ ಎಲ್ಲಕ್ಕಿಂತ ಉಪಯೋಗದ ಮಾತು ಇದು.

60 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಕಬ್ಬಿಣ ಒಮ್ಮೆ ಒಳಗೆ ಹೋದರೆ ಯಕೃತ್ತು ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಬಿಡುತ್ತದೆ. ಅದು ಸುಮಾರು ಒಂದು ದಿನದ ತನಕ ಕರುಳಿನ ಬಾಗಿಲು ಅರ್ಧ ಮುಚ್ಚಿಬಿಡುತ್ತದೆ. ಬೆಳಿಗ್ಗೆ ಒಂದು ನುಂಗಿ ಸಂಜೆ ಮತ್ತೊಂದು ನುಂಗಿದರೆ ಎರಡನೆಯದು ಬಂದಾಗ ಬಾಗಿಲು ಮುಚ್ಚಿರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಕಬ್ಬಿಣ ಕಡಿಮೆ ಇದ್ದ ಯುವತಿಯರ ಮೇಲೆ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ದಿನಾ 60 ಮಿಲಿಗ್ರಾಂ ನುಂಗಿದವರು ಶೇ 16ರಷ್ಟು ಹೀರಿಕೊಂಡರು, ದಿನ ಬಿಟ್ಟು ದಿನ ನುಂಗಿದವರು ಶೇ 22ರ ಹತ್ತಿರ. ಅಂದರೆ ಪ್ರತಿ ಮಾತ್ರೆಯಿಂದಲೂ ಲಾಭ ಜಾಸ್ತಿ, ದೊಡ್ಡ ಕರುಳಿಗೆ ಇಳಿಯುವ ಕಬ್ಬಿಣ ಕಡಿಮೆ.

ಆದರೆ ಇದು ಎಲ್ಲರಿಗೂ ಅಲ್ಲ. ಗರ್ಭಿಣಿಯರು, ಹಿಮೋಗ್ಲೋಬಿನ್ ತುಂಬಾ ಇಳಿದವರು ತಾವೇ ನಿರ್ಧಾರ ಮಾಡಬಾರದು, ಅವರಿಗೆ ಬೇಗ ಏರಬೇಕಾದ ಅವಸರ ಇರುತ್ತದೆ. ಉಳಿದವರು ದಿನಕ್ಕೆ ಎರಡು ಮಾತ್ರೆಯ ಚೀಟಿ ಹಿಡಿದು ಒದ್ದಾಡುತ್ತಿದ್ದರೆ, ಬಿಡುವ ಮೊದಲು ಡಾಕ್ಟರ ಹತ್ತಿರ ಹೋಗಿ "ದಿನ ಬಿಟ್ಟು ದಿನ ಒಂದು ತಗೊಳ್ಳಲಾ?" ಅಂತ ಒಂದು ಮಾತು ಕೇಳಿ. ಅಷ್ಟು ಕೇಳಲು ಸಂಕೋಚ ಬೇಡ.

ಹೆಜ್ಜೆ 4: ಹೊತ್ತು ಮತ್ತು ಚಹಾ

ನಮ್ಮ ಕಡೆ ಬೆಳಿಗ್ಗೆ ಎದ್ದ ಕೂಡಲೇ ಚಹಾ ಆಗಬೇಕು. ತಿಂಡಿ ಜೊತೆ ಮತ್ತೊಂದು. ಐರನ್ ಮಾತ್ರೆಗೆ ಇದರಷ್ಟು ದೊಡ್ಡ ವೈರಿ ಇನ್ನೊಂದಿಲ್ಲ.

ಚಹಾ, ಕಾಫಿಯ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಬಿಡುತ್ತದೆ. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಕೊರತೆ ಇದ್ದ ಹೆಂಗಸರಿಗೆ 100 ಮಿಲಿಗ್ರಾಂ ಕಬ್ಬಿಣ ಕೊಟ್ಟು ನೋಡಿದರು. ಕಾಫಿ ಜೊತೆ ನುಂಗಿದಾಗ ಹೀರುವುದು ಶೇ 54 ಇಳಿಯಿತು. ಕಾಫಿ ಇರುವ ಬೆಳಗಿನ ತಿಂಡಿ ಜೊತೆಗಾದರೆ ಶೇ 66. ಒಂದು ಲೋಟ ಕಾಫಿಗೆ ಅರ್ಧಕ್ಕಿಂತ ಜಾಸ್ತಿ ಮಾತ್ರೆ ಕೈಬಿಟ್ಟ ಹಾಗಾಯಿತು, ಆ ಕೈಬಿಟ್ಟದ್ದೆಲ್ಲ ಕೆಳಗೆ ಬ್ಯಾಕ್ಟೀರಿಯಾಗಳಿಗೆ. ಅದೇ ಅಧ್ಯಯನದಲ್ಲಿ ಮಧ್ಯಾಹ್ನದ ನಂತರಕ್ಕಿಂತ ಬೆಳಿಗ್ಗೆ ನುಂಗಿದಾಗ ಜಾಸ್ತಿ ಹೀರಿತು.

ಹಾಗಾಗಿ ನಾನು ಹೇಳುವ ಕ್ರಮ ಹೀಗೆ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ಮಾತ್ರೆ. ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದೇ, ವಿಟಮಿನ್ ಸಿ ಇದ್ದರೆ ಕಬ್ಬಿಣ ಸ್ವಲ್ಪ ಜಾಸ್ತಿ ಹೀರುತ್ತದೆ. ಅದಕ್ಕಾಗಿ ವಿಟಮಿನ್ ಸಿ ಮಾತ್ರೆ ಬೇರೆ ಕೊಳ್ಳಬೇಡಿ, ದುಡ್ಡು ದಂಡ. ಆಮೇಲೆ ಅಂಗಳ ಗುಡಿಸುವುದು, ಕೊಟ್ಟಿಗೆ ಕೆಲಸ, ಮಕ್ಕಳ ಡಬ್ಬಿ ಎಲ್ಲ ಮುಗಿಸಿ, ಕನಿಷ್ಠ ಒಂದು ತಾಸು, ಆದರೆ ಎರಡು ತಾಸು ಬಿಟ್ಟು ಚಹಾ ಕುಡಿಯಿರಿ. ಶಿರಸಿ ಕಡೆಯ ಕೊತ್ತಂಬರಿ ಜೀರಿಗೆ ಕಷಾಯಕ್ಕೂ ಇದೇ ಮಾತು, ಅದರಲ್ಲಿ ಹಾಲು ಇದೆ, ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುತ್ತದೆ.

ಖಾಲಿ ಹೊಟ್ಟೆಯಲ್ಲಿ ವಾಂತಿ ಬರುವ ಹಾಗಾದರೆ? ಎರಡು ತುತ್ತು ಬಿಳಿ ಅವಲಕ್ಕಿಯೋ ಒಂದು ನೀರುದೋಸೆಯೋ ತಿಂದು ನುಂಗಿ. ಹೀರುವುದು ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ಮಾತ್ರೆಯನ್ನೇ ಬಿಡುವುದಕ್ಕಿಂತ ಅದು ಎಷ್ಟೋ ವಾಸಿ.

ಬೇರೆ ಮಾತ್ರೆಗಳ ಜೊತೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಗೆ ಕನಿಷ್ಠ ಎರಡು ತಾಸು. ಗರ್ಭಿಣಿಯರಿಗೆ ಎರಡನ್ನೂ ಒಟ್ಟಿಗೆ ಕೊಟ್ಟಿರುತ್ತಾರೆ, ಎರಡನ್ನೂ ಒಟ್ಟಿಗೇ ನುಂಗುತ್ತಾರೆ, ಕೌಂಟರಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ತಿದ್ದುವುದು ಇದನ್ನೇ. ಐರನ್ ಬೆಳಿಗ್ಗೆ, ಕ್ಯಾಲ್ಸಿಯಂ ಮಧ್ಯಾಹ್ನ ಅಥವಾ ರಾತ್ರಿ ಊಟದ ಜೊತೆ. ಥೈರಾಯ್ಡ್ ಮಾತ್ರೆ ಇದ್ದರೆ ನಾಲ್ಕು ತಾಸು, ಆಗ ಐರನ್ನನ್ನು ಮಧ್ಯಾಹ್ನಕ್ಕೆ ತಳ್ಳಬೇಕು. ದಿನಾ ಗ್ಯಾಸ್ ಮಾತ್ರೆ ನುಂಗುವವರಿಗೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಕಬ್ಬಿಣ ಸರಿ ಹೀರುವುದಿಲ್ಲ, ಅದನ್ನು ಡಾಕ್ಟರಿಗೆ ಹೇಳಿ.

ಹೆಜ್ಜೆ 5: ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಊಟ ಹಾಕಿ

ಕೀನ್ಯಾದ ಕೂಸುಗಳ ಮೇಲೆಯೇ 2017ರಲ್ಲಿ ಇನ್ನೊಂದು ಅಧ್ಯಯನ ಬಂತು. ಕಬ್ಬಿಣದ ಪುಡಿಗೆ ಗ್ಯಾಲಕ್ಟೋ-ಆಲಿಗೋಸ್ಯಾಕರೈಡ್ ಅನ್ನುವ ಒಂದು ಬಗೆಯ ನಾರು ಸೇರಿಸಿ ಕೊಟ್ಟಾಗ ಬ್ಯಾಕ್ಟೀರಿಯಾಗಳ ಏರುಪೇರು ಬಹಳ ಮಟ್ಟಿಗೆ ತಗ್ಗಿತು. ಕಬ್ಬಿಣ ಕಡಿಮೆ ಇದ್ದ ಹೆಂಗಸರಲ್ಲಿ ಅದೇ ನಾರು ಫೆರಸ್ ಫ್ಯುಮರೇಟ್ ಹೀರುವುದನ್ನೂ ಹೆಚ್ಚಿಸಿದ್ದು ಕಂಡಿದೆ.

ಆ ಪುಡಿ ಹುಡುಕಿಕೊಂಡು ಹೋಗಿ ಅನ್ನುತ್ತಿಲ್ಲ. ನಮ್ಮ ಅಡುಗೆಮನೆಯಲ್ಲಿ ಬ್ಯಾಕ್ಟೀರಿಯಾಗಳು ತಿನ್ನುವ ನಾರು ಬೇಕಾದಷ್ಟಿದೆ. ಈರುಳ್ಳಿ, ಬೆಳ್ಳುಳ್ಳಿ, ಹೆಸರು, ಅಲಸಂದೆ, ಬಾಳೆದಿಂಡಿನ ಪಲ್ಯ. ಬಾಳೆಕಾಯಿ ಅಂತೂ ಇಲ್ಲಿ ಹಿತ್ತಲಿಗೊಂದು ಗೊನೆ, ಅದರಲ್ಲಿ ಸಣ್ಣ ಕರುಳಲ್ಲಿ ಜೀರ್ಣವಾಗದೆ ಕೆಳಗೆ ಹೋಗುವ ಪಿಷ್ಟ ಇದೆ. ಬೇಯಿಸಿದಾಗ ಅದು ಕಡಿಮೆಯಾಗುತ್ತದೆ, ತಣಿದ ಮೇಲೆ ಒಂದಷ್ಟು ಮತ್ತೆ ಕೂಡಿಕೊಳ್ಳುತ್ತದೆ. 2021ರ ಹೊತ್ತಿಗೆ ಶಿರಸಿ ಕಡೆ ಮನೆಮನೆಯಲ್ಲಿ ಬಾಕಾಹು, ಅಂದರೆ ಬಾಳೆಕಾಯಿ ಹುಡಿ ಮಾಡುವ ಹುರುಪು ಎದ್ದಿತ್ತಲ್ಲ, ಅದನ್ನು ಈಗಲೂ ಮಾಡುವವರು ರೊಟ್ಟಿಗೆ ಸೇರಿಸಿಕೊಳ್ಳಿ. ತಣ್ಣಗಾದ ಕುಚ್ಚಲಕ್ಕಿ ಗಂಜಿಯಲ್ಲೂ ಅಂಥ ಪಿಷ್ಟ ಸ್ವಲ್ಪ ಇದೆ.

ಮಧ್ಯಾಹ್ನದ ಊಟಕ್ಕೆ ಮಜ್ಜಿಗೆ, ಒಂದೆಲಗದ ತಂಬುಳಿ ಇರಲಿ. ಆದರೆ ಮಾತ್ರೆ ನುಂಗುವ ಹೊತ್ತಿಗೆ ಇವು ಬೇಡ. ಬೇಳೆಕಾಳಿನಲ್ಲಿರುವ ಫೈಟೇಟ್, ಮಜ್ಜಿಗೆಯ ಕ್ಯಾಲ್ಸಿಯಂ ಎರಡೂ ಕಬ್ಬಿಣವನ್ನು ತಡೆಯುತ್ತವೆ. ಬೆಳಿಗ್ಗೆ ಮಾತ್ರೆ, ಮಧ್ಯಾಹ್ನ ನಾರು ಮತ್ತು ಮಜ್ಜಿಗೆ ಅಂತ ಹೊತ್ತು ಹಂಚಿಬಿಟ್ಟರೆ ಎರಡೂ ನಡೆಯುತ್ತದೆ. ಪ್ರೋಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ಬೇಕಾ ಅಂತ ಕೇಳುತ್ತಾರೆ. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಜಾತಿಯ ಒಂದು ತಳಿ ಹೆಂಗಸರಲ್ಲಿ ಕಬ್ಬಿಣ ಹೀರುವುದನ್ನು ಹೆಚ್ಚಿಸಿದೆ ನಿಜ, ಆದರೆ ಅಂಗಡಿಯಲ್ಲಿ ಸಿಗುವ ಎಲ್ಲ ಕ್ಯಾಪ್ಸೂಲಿನಲ್ಲೂ ಅದು ಇರುವುದಿಲ್ಲ. ಸುಮ್ನೆ ಖರ್ಚು ಮಾಡಬೇಡಿ.

ಮೀನು ತಿನ್ನುವವರಿಗೆ ನಮ್ಮ ಕರಾವಳಿ ದೊಡ್ಡ ಅನುಕೂಲ. ಅಘನಾಶಿನಿ ಅಳಿವೆಯ ಬಳಚು, ಅಂದರೆ ಚಿಪ್ಪುಮೀನು, ಕಬ್ಬಿಣಕ್ಕೆ ಹೆಸರಾದದ್ದು. ತಾರ್ಲೆ, ಬಂಗಡೆಯಲ್ಲೂ ಕಬ್ಬಿಣ ಇದೆ. ಮೀನು ಮಾಂಸದ ಕಬ್ಬಿಣ ಸೊಪ್ಪಿನದ್ದಕ್ಕಿಂತ ಸಲೀಸಾಗಿ ಹೀರುತ್ತದೆ. ಮೀನು ತಿನ್ನದ ಮನೆಗಳಲ್ಲಿ ಹರಿವೆ ಸೊಪ್ಪು, ಕಾಳುಗಳ ಮೇಲೆ ನಿಂಬೆ ಹಿಂಡಿಕೊಳ್ಳಿ, ಹುಳಿ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ. ಬೆಲ್ಲ ತಿಂದೇ ರಕ್ತ ಏರಿಸುತ್ತೇನೆ ಅಂತ ಮಾತ್ರೆ ಬಿಟ್ಟವರ ರಿಪೋರ್ಟ್ ತಿಂಗಳಾದರೂ ಮೇಲೇಳುವುದಿಲ್ಲ.

ಹೆಜ್ಜೆ 6: ನೀರು ಕುದಿಸಿ

ಇದಕ್ಕೂ ಐರನ್ ಮಾತ್ರೆಗೂ ಎಂತ ಸಂಬಂಧ ಅನ್ನಬೇಡಿ. ಉಳಿದ ಕಬ್ಬಿಣ ಯಾರಿಗೆ ಮೇವಾಗುತ್ತದೆ ಅನ್ನುವುದು ಕರುಳಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಜೂನ್ ಜುಲೈನಲ್ಲಿ ನಮ್ಮ ಬಾವಿಗಳಿಗೆ ಮೇಲಿನ ನೀರು ನುಗ್ಗಿ ಕೆಂಪಾಗುತ್ತದೆ. ಆ ನೀರನ್ನು ಚೆನ್ನಾಗಿ ಮಗುಚಿ ಕುದಿಯುವ ತನಕ ಕಾಯಿಸಿ, ತಣಿಸಿ ಕುಡಿಯಿರಿ. ಮಾತ್ರೆ ನುಂಗುವ ದಿನಗಳಲ್ಲಿ ಜೋರು ಜ್ವರವೋ ಭೇದಿಯೋ ಶುರುವಾದರೆ, ಅದು ವಾಸಿಯಾಗುವ ತನಕ ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ಹೆಜ್ಜೆ 7: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮೀನು ಮಾರುವ ಅಕ್ಕ ಒಬ್ಬರು ಬುಟ್ಟಿ ಹೊರಗಿಟ್ಟು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಅಂತ ನೋಡಿಕೊಂಡು, ಮೆಲ್ಲಗೆ ಕೇಳಿದರು: "ಅಕ್ಕೋರೆ, ಕಪ್ಪಗೆ ಹೋಗ್ತದೆ. ಒಳಗೆ ಎಂತಾದ್ರೂ ಒಡೆದು ಹೋಯ್ತಾ?"

"ಇಲ್ಲ ಅಕ್ಕ. ಅದು ಮಾತ್ರೆಯ ಬಣ್ಣ. ಹೀರದೆ ಉಳಿದ ಕಬ್ಬಿಣ ಹಾಗೆ ಕಪ್ಪಗೆ ಬರುತ್ತದೆ. ಗಟ್ಟಿಯಾಗಿ ಕಪ್ಪು ಅಥವಾ ಕಪ್ಪು ಹಸಿರು ಇದ್ದರೆ ಹೆದರಬೇಡಿ."

ಅವರು ಆ ಹೆದರಿಕೆಯಲ್ಲೇ ಮಾತ್ರೆ ಬಿಟ್ಟಿದ್ದರು. ಯಾರೂ ಮೊದಲೇ ಹೇಳಿರಲಿಲ್ಲ. ಹೀಗೆ ಕೇಳಲು ನಾಚಿಕೊಂಡು ಸುಮ್ಮನಿದ್ದುಬಿಡುವವರೇ ಜಾಸ್ತಿ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯೊಂದಿಗೆ ಹೋದರೆ, ಕೆಂಪು ರಕ್ತ ಕಂಡರೆ, ಹೊಟ್ಟೆ ಹಿಂಡುವ ನೋವಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಹೊಟ್ಟೆ ಕಟ್ಟಿದರೆ ನೀರು, ಬಾಳೆದಿಂಡು, ಪಪ್ಪಾಯಿ, ಸ್ವಲ್ಪ ನಡಿಗೆ. ಅದಕ್ಕೂ ಬಗ್ಗದಿದ್ದರೆ ಪ್ರಮಾಣ ಇಳಿಸಲು ಅಥವಾ ಬೇರೆ ಬಗೆಯ ಮಾತ್ರೆಗೆ ಬದಲಿಸಲು ಕೇಳಿ. ಕರುಳಿನ ಉರಿಯೂತದ ಕಾಯಿಲೆ ಮೊದಲಿಂದ ಇದ್ದವರು ಅದನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ. ಅಂಥವರಿಗೆ, ಮತ್ತೆ ಮಾತ್ರೆ ಹಿಡಿಸದೇ ಹೋದವರಿಗೆ, ನರದ ಮೂಲಕ ಕಬ್ಬಿಣ ಕೊಡುವ ವ್ಯವಸ್ಥೆ ಇದೆ, ಅದು ಕರುಳಿನ ದಾರಿಯನ್ನೇ ಹಿಡಿಯುವುದಿಲ್ಲ.

ಮಾತ್ರೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದಲ್ಲಿ ಬೀಗ ಹಾಕಿ ಇಡಿ. ಕೆಂಪಗೆ, ಸಕ್ಕರೆ ಲೇಪ ಇರುವ ಮಾತ್ರೆ ಮಕ್ಕಳ ಕಣ್ಣಿಗೆ ಪೆಪ್ಪರಮಿಂಟಿನ ಹಾಗೆ ಕಾಣುತ್ತದೆ. ಸಣ್ಣ ಮಗು ಒಂದಷ್ಟು ನುಂಗಿಬಿಟ್ಟರೆ ಜೀವಕ್ಕೇ ಅಪಾಯ. ಹಾಗಾದರೆ ಮನೆಮದ್ದು ಮಾಡುತ್ತಾ ಕೂರದೆ, ಸ್ಟ್ರಿಪ್ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ.

ಹೆಜ್ಜೆ 8: ತಿಂಗಳಿಗೆ ಮತ್ತೆ ಪರೀಕ್ಷೆ

ಒಂದು ತಿಂಗಳಾದ ಮೇಲೆ ಹಿಮೋಗ್ಲೋಬಿನ್ ಮತ್ತೆ ನೋಡಿಸಿ. ಕನಿಷ್ಠ ಒಂದು ಗ್ರಾಂ ಏರಿರಬೇಕು. ಏರಿದ್ದರೆ ಖುಷಿಯಲ್ಲಿ ಅಲ್ಲಿಗೇ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ, ಯಾವಾಗ ನಿಲ್ಲಿಸುವುದು ಅಂತ ಡಾಕ್ಟರು ಹೇಳುತ್ತಾರೆ. ಏರದಿದ್ದರೆ ನೀವೇ ಮಾತ್ರೆ ದುಪ್ಪಟ್ಟು ಮಾಡಬೇಡಿ. ಎಷ್ಟು ಹೊತ್ತಿಗೆ ನುಂಗುತ್ತೀರಿ, ಜೊತೆಗೆ ಏನು ಕುಡಿಯುತ್ತೀರಿ, ಬೇರೆ ಯಾವ ಮಾತ್ರೆ ಇದೆ, ಎಷ್ಟು ದಿನ ತಪ್ಪಿಸಿದ್ದೀರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಪ್ಪಿಸಿದ ದಿನಗಳನ್ನು ಮುಚ್ಚಿಡಬೇಡಿ. ಅದು ಗೊತ್ತಾಗದಿದ್ದರೆ ಡಾಕ್ಟರು ಇನ್ನೂ ಜೋರಿನ ಮಾತ್ರೆ ಬರೆಯುತ್ತಾರೆ.